ಅಳೆಯದ ರಕ್ತದ ಲೆಕ್ಕ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಹೆರಿಗೆಯ ನಂತರದ ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಬರೆಯುವುದನ್ನು ನಿಲ್ಲಿಸಿ, ಅಳೆದು ಬರೆಯುವ ವ್ಯವಸ್ಥೆಯನ್ನು ರಾಜ್ಯದ ಎಲ್ಲ ಹೆರಿಗೆ ಕೊಠಡಿಗಳಿಗೆ ತರುವ ಕುರಿತು.

ಮಾನ್ಯರೇ,

ನಾನು ಬೆಳಗಾವಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿ ಕೆಲಸಕ್ಕೆ ಸೇರಿ, ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ಈಗ ಒಂದು ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯೆ. ಆ ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಒಂದು ತನಿಖಾ ತಂಡ ಬರುತ್ತದೆ, ರಾತ್ರಿ ಪಾಳಿಯ ನರ್ಸ್ ಒಬ್ಬಳು ಅಮಾನತಾಗುತ್ತಾಳೆ, ಆಮೇಲೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಇಲಾಖೆಯ ಒಳಗಿದ್ದವರಿಗೆ ಈ ಕ್ರಮ ಹೊಸದಲ್ಲ. ನನ್ನ ದೂರು ಯಾವ ನರ್ಸ್ ಮೇಲೂ ಅಲ್ಲ, ಯಾವ ವೈದ್ಯರ ಮೇಲೂ ಅಲ್ಲ. ನಮ್ಮದೇ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಹೆರಿಗೆಯ ಹೊತ್ತನ್ನು ಒತ್ತೆಯಿಟ್ಟು ಸಂಶೋಧನೆಗೆ ಒದಗಿಸಿದ ತಿಳಿವಳಿಕೆ ಜಗತ್ತನ್ನೆಲ್ಲ ಸುತ್ತಿ ಬಂದರೂ, ಅವರ ಸೊಸೆಯರು ಮತ್ತು ಮಗಳಂದಿರು ಹೆರುವ ಕೊಠಡಿಗೆ ಮಾತ್ರ ಇನ್ನೂ ಏಕೆ ಬಂದಿಲ್ಲ ಎಂಬುದು ನನ್ನ ಪ್ರಶ್ನೆ.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ.

ಸಮಿತಿಯ ಸದಸ್ಯೆಯಾದ ಮೇಲೆ ಹೆರಿಗೆ ರಿಜಿಸ್ಟರ್ ನೋಡುವ ಅವಕಾಶ ಸಿಕ್ಕಿತು. ತಾಯಿಯ ಹೆಸರು, ಊರು, ಎಷ್ಟನೆಯ ಹೆರಿಗೆ, ಮಗುವಿನ ತೂಕ, ಹುಟ್ಟಿದ ಹೊತ್ತು ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ಮಗುವಿನ ತೂಕ 2.780 ಕಿಲೋ, 3.140 ಕಿಲೋ ಎಂದು ಗ್ರಾಮಿನವರೆಗೆ ಬರೆದಿದ್ದರು. ಪಕ್ಕದಲ್ಲಿ ತಾಯಿ ಕಳೆದುಕೊಂಡ ರಕ್ತದ ಕಾಲಂ ಇತ್ತು. ಅದರಲ್ಲಿ ಮೇಲಿನಿಂದ ಕೆಳಗೆ 200, 200, 250, 200, 150, 200. ಪುಟ ತಿರುಗಿಸಿದರೆ ಮತ್ತೆ 200, 200. ಚೊಚ್ಚಲ ಹೆರಿಗೆಯವಳಿಗೂ 200, ಅವಳಿ ಮಕ್ಕಳನ್ನು ಹೆತ್ತವಳಿಗೂ 200. ಹೆರಿಗೆ ಮಾಡಿಸಿದ ಯಾರಿಗೇ ಆದರೂ ಈ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ, ಇಲ್ಲಿ ಯಾರೂ ಏನನ್ನೂ ಅಳೆದಿಲ್ಲ ಎಂದು.

ಅಳೆಯುವುದಾದರೂ ಹೇಗೆ? ಹೆರಿಗೆಯ ಮೇಜಿನ ಮೇಲೆ ರಕ್ತ ಒಂದೇ ಕಡೆ ಹರಿಯುವುದಿಲ್ಲ. ಒಂದಿಷ್ಟು ಕೆಳಗಿನ ಬಕೆಟ್‌ಗೆ ಬೀಳುತ್ತದೆ. ಒಂದಿಷ್ಟು ಮಾಸು ಹಿಡಿದ ಟ್ರೇಗೆ, ಒಂದಿಷ್ಟು ರೆಕ್ಸಿನ್ ಹಾಸಿನ ಮಡಿಕೆಗೆ, ಉಳಿದದ್ದು ಹತ್ತಿಯ ಪ್ಯಾಡಿಗೆ, ಬೆನ್ನಡಿಯ ಸೀರೆಗೆ, ನೆಲಕ್ಕೆ. ಅದರ ಜೊತೆಗೆ ಗರ್ಭದ ನೀರು, ಮೂತ್ರ ಎಲ್ಲವೂ ಬೆರೆತಿರುತ್ತವೆ. ಅಷ್ಟರಲ್ಲಿ ಆಯಾ ಬಂದು ನೀರು ಹಾಕಿ ನೆಲ ತೊಳೆದುಬಿಡುತ್ತಾಳೆ. ನರ್ಸ್ ಒಂದು ಕಣ್ಣನ್ನು ಅಳುವ ಮಗುವಿನ ಮೇಲೆ, ಇನ್ನೊಂದನ್ನು ಹೊಲಿಗೆಯ ಮೇಲೆ ಇಟ್ಟುಕೊಂಡು, ಪಕ್ಕದ ಮೇಜಿನ ಮೇಲೆ ನೋವು ತಿನ್ನುತ್ತಿರುವವಳಿಗೂ ಓಗೊಡುತ್ತ, ಈ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿಸಿ ಒಂದು ಸಂಖ್ಯೆ ಬರೆಯಬೇಕು. ಬರೆಯುತ್ತಾಳೆ. 200 ಎಂದು ಬರೆಯುತ್ತಾಳೆ.

ನಮ್ಮ ಊರಿನ ಡೇರಿಗೆ ಬೆಳಿಗ್ಗೆ ಎರಡು ಲೀಟರ್ ಹಾಲು ಹಾಕಿದರೆ, ಲೀಟರಿನ ಲೆಕ್ಕ, ಕೊಬ್ಬಿನ ಅಂಶದ ಲೆಕ್ಕ ಎರಡನ್ನೂ ಪಾಯಿಂಟ್‌ವರೆಗೆ ಅಚ್ಚು ಹಾಕಿದ ಚೀಟಿ ಕೈಗೆ ಬರುತ್ತದೆ. ಎಮ್ಮೆಯ ಹಾಲಿಗೆ ಸಿಗುವ ಈ ಮರ್ಯಾದೆ ಬಾಣಂತಿಯ ರಕ್ತಕ್ಕೆ ಸಿಗುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಎರಡನೆಯ ಹೆರಿಗೆಗೆ ನಾನೇ ಜೊತೆಗಿದ್ದೆ. ರಕ್ತದ ಅಂಶ ಕಡಿಮೆ ಇದೆ ಎಂದು ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ನಡುರಾತ್ರಿ ಹೆರಿಗೆಯಾಯಿತು, ಮಗು ಚೆನ್ನಾಗಿತ್ತು, ಮಾಸು ಪೂರ್ತಿ ಬಂತು. ರಿಜಿಸ್ಟರ್‌ನಲ್ಲಿ 250 ಮಿ.ಲೀ. ಎಂದು ಬರೆದರು. ಅವಳನ್ನು ಪಕ್ಕದ ಹಾಸಿಗೆಗೆ ಸಾಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು, “ಚಿಗವ್ವಾ, ಬಾಯಿ ಒಣಗುತ್ತಿದೆ, ಕಣ್ಣು ಮಂಜು ಬಂದ ಹಾಗಾಗುತ್ತಿದೆ” ಎಂದಳು. ಕೈ ಹಿಡಿದು ನೋಡಿದೆ, ನಾಡಿ ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟರೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಮೆತ್ತಗೆ ಸಿಕ್ಕಿತು. ಹೊದಿಕೆ ಎತ್ತಿದಾಗ ಹಾಸಿಗೆಯ ಅರ್ಧ ತೊಯ್ದಿತ್ತು. ಅಲ್ಲಿಂದ ಮುಂದೆ ಆ ಒಬ್ಬ ನರ್ಸ್ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕೈಯಿಂದ ಗರ್ಭಕೋಶ ಉಜ್ಜುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ವೈದ್ಯರನ್ನು ಕರೆಯುತ್ತ, ನನ್ನ ಕೈಗೆ ಬಾಟಲಿ ಕೊಟ್ಟು ಎತ್ತಿ ಹಿಡಿಯಲು ಹೇಳಿದಳು. 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗುವವರೆಗೂ ಹುಡುಗಿಗೆ ಪ್ರಜ್ಞೆ ಉಳಿದಿತ್ತು ಎಂದರೆ ಅದು ಆ ನರ್ಸ್ ದಯೆ.

ಹುಡುಗಿ ಬದುಕಿದಳು. ಗರ್ಭಕೋಶ ತೆಗೆಯಬೇಕಾಯಿತು. ಅವಳಿಗೆ 24 ವರ್ಷ.

ಅವಳನ್ನು ಮನೆಗೆ ಕಳಿಸುವಾಗ ಕೊಟ್ಟ ಕಾಗದಗಳನ್ನು ನಾನು ಓದಿದೆ. ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿಯಲ್ಲಿ ರಕ್ತಸ್ರಾವ 250 ಮಿ.ಲೀ. ಜಿಲ್ಲಾ ಆಸ್ಪತ್ರೆಯ ದಾಖಲೆಯಲ್ಲಿ ಒಟ್ಟು ರಕ್ತಸ್ರಾವ ಅಂದಾಜು ಎರಡು ಲೀಟರ್. ಎರಡೂ ಸರ್ಕಾರಿ ದಾಖಲೆಗಳೇ, ಒಂದೇ ರಾತ್ರಿಯವು, ಒಬ್ಬಳೇ ಹುಡುಗಿಯವು. ನಡುವೆ ಕಳೆದುಹೋದ ರಕ್ತವನ್ನು ಕಂಡವರು ಯಾರೂ ಇಲ್ಲ, ಏಕೆಂದರೆ ಅದನ್ನು ಕಾಣಿಸುವ ಸಾಧನ ಆ ಕೊಠಡಿಯಲ್ಲಿ ಇರಲಿಲ್ಲ.

ಆ ಸಾಧನದ ಕಥೆ ನಮ್ಮ ಜಿಲ್ಲೆಯಲ್ಲೇ ಶುರುವಾದದ್ದು, ಮಾನ್ಯರೇ. ಅದನ್ನು ತಮಗೆ ಹೇಳಲೇಬೇಕು.

2002ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ ನಮ್ಮ ಹಳ್ಳಿಗಳಲ್ಲಿ ಒಂದು ಅಧ್ಯಯನ ಆರಂಭಿಸಿದರು. ಡಾ. ಭಾಲಚಂದ್ರ ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ್, ಡಾ. ರಿಚರ್ಡ್ ಡರ್ಮನ್ ಮೊದಲಾದವರು ಅದರಲ್ಲಿ ಇದ್ದರು. ಆಗ ಮನೆಯಲ್ಲಿ, ಉಪಕೇಂದ್ರದಲ್ಲಿ ನಡೆಯುವ ಹೆರಿಗೆಗಳು ಬಹಳ. ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಸಿರಿಂಜ್ ಬೇಕು, ಚುಚ್ಚಬಲ್ಲ ಕೈ ಬೇಕು. ಹಳ್ಳಿಯಲ್ಲಿ ಇವು ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಮಿಸೊಪ್ರೊಸ್ಟಾಲ್ ಮಾತ್ರೆಯಾದರೆ ನುಂಗಿಸಿದರೆ ಆಯಿತು. ಅದು ರಕ್ತಸ್ರಾವ ತಡೆಯುತ್ತದೆಯೇ ಎಂಬುದು ಅವರ ಪ್ರಶ್ನೆ. 1,620 ತಾಯಂದಿರು ಒಪ್ಪಿ ಭಾಗವಹಿಸಿದರು. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ನಮ್ಮ ಎಎನ್‌ಎಂಗಳು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅತಿಯಾದ ರಕ್ತಸ್ರಾವಕ್ಕೆ ಒಳಗಾದವರು ಶೇ 12ರಿಂದ ಶೇ 6.4ಕ್ಕೆ ಇಳಿದಿದ್ದರು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಾನು ಹೇಳಬೇಕಾದ ಸಂಗತಿ ಮಾತ್ರೆಯದಲ್ಲ. ಎರಡು ಗುಂಪುಗಳನ್ನು ಹೋಲಿಸಬೇಕಾದರೆ ಸಂಶೋಧಕರಿಗೆ ರಕ್ತವನ್ನು ನಿಖರವಾಗಿ ಅಳೆಯಲೇಬೇಕಿತ್ತು. ಕಣ್ಣಂದಾಜನ್ನು ಅವರು ನಂಬಲಿಲ್ಲ. ಅದಕ್ಕಾಗಿ ಪ್ಲಾಸ್ಟಿಕ್ಕಿನ ಒಂದು ಹಾಳೆ ಮಾಡಿದರು. ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸಿ, ಪಟ್ಟಿಯಿಂದ ಸೊಂಟಕ್ಕೆ ಕಟ್ಟುವುದು. ಹಾಳೆಯ ಕೆಳತುದಿ ಆಲಿಕೆಯಂತೆ ಇಳಿಜಾರಾಗಿ ಒಂದು ಚೀಲಕ್ಕೆ ಸೇರುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಅಷ್ಟೇ. ಬ್ಯಾಟರಿ ಇಲ್ಲ, ಯಂತ್ರವಿಲ್ಲ, ವಾರ್ಷಿಕ ನಿರ್ವಹಣಾ ಗುತ್ತಿಗೆ ಇಲ್ಲ. ಬಹುಶಃ ಅದಕ್ಕೇ ಅದರ ಉದ್ಘಾಟನೆಗೆ ಯಾರೂ ಬರಲಿಲ್ಲ. ಅದೇ ತಂಡ ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿತು. ಕಣ್ಣು ಮೂರರಲ್ಲಿ ಒಂದು ಪಾಲು ರಕ್ತವನ್ನು ಕಾಣದೆ ಬಿಡುತ್ತಿತ್ತು.

ಆ ದಿನಗಳಲ್ಲಿ ಹಳ್ಳಿಯ ಎಎನ್‌ಎಂಗಳ ಚೀಲದಲ್ಲಿ ಆ ಹಾಳೆಯನ್ನು ನಾನು ನೋಡಿದ್ದೇನೆ. ಬೀದಿದೀಪವೂ ಇಲ್ಲದ ಓಣಿಯ ಮನೆಯಲ್ಲಿ, ಬ್ಯಾಟರಿ ಬೆಳಕಿನಲ್ಲಿ ಅವರು ಗೆರೆ ಓದಿ ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಇಂದು ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಹೇಳುತ್ತದೆ. ಅದು ಸಣ್ಣ ಸಾಧನೆಯಲ್ಲ, ನಾವೆಲ್ಲ ಮನೆಮನೆ ತಿರುಗಿ ಮಾಡಿದ ಕೆಲಸ. ಆದರೆ ಮನೆಯ ಹೆರಿಗೆಯಲ್ಲಿ ಅಳೆದ ರಕ್ತವನ್ನು ಆಸ್ಪತ್ರೆಯ ಹೆರಿಗೆಯಲ್ಲಿ ಊಹಿಸುತ್ತಿದ್ದೇವೆ.

ಮುಂದಿನ ಕಥೆ ಆಫ್ರಿಕಾದ್ದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ ಸುಮಾರು 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಎಂಬ ಅಧ್ಯಯನ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳು. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಆಸ್ಪತ್ರೆಗಳಿಗೆ ಗೆರೆ ಇರುವ ಹಾಳೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಎಂದಿನ ಆರೈಕೆ. ಅಲ್ಲಿಯೂ ಲೆಕ್ಕಕ್ಕೆಂದು ಹಾಳೆ ಹಾಸಿದ್ದರು, ಅದರ ಮೇಲೆ ಗೆರೆಗಳಿರಲಿಲ್ಲ. ಗೆರೆ ಇದ್ದ ಕಡೆ ಹೆರಿಗೆಯಾದ ಮೊದಲ ಗಂಟೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ರಕ್ತದ ಮಟ್ಟ ನೋಡುವುದು. 300 ಮಿ.ಲೀ. ಗೆರೆ ಎಚ್ಚರಿಕೆಗೆ, 500ರ ಗೆರೆ ತಡಮಾಡದೆ ಕೈಹಾಕುವುದಕ್ಕೆ. ಗೆರೆ ಮುಟ್ಟಿದರೆ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳಕ್ಕೆ ದ್ರವ, ಎಲ್ಲಿಂದ ಸುರಿಯುತ್ತಿದೆ ಎಂಬ ಪರೀಕ್ಷೆ ಇವಿಷ್ಟನ್ನೂ ಒಂದಾದ ಮೇಲೊಂದು ಕಾದು ನೋಡದೆ ಒಟ್ಟಿಗೇ ಮಾಡುವುದು.

ಇದರಲ್ಲಿ ಹೊಸ ಔಷಧ ಒಂದೂ ಇಲ್ಲ ಎಂಬುದನ್ನು ತಾವು ಗಮನಿಸಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೂ ಇವೆಲ್ಲ ಇವೆ. ಆದರೂ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗುವುದು, ರಕ್ತ ನಿಲ್ಲಿಸಲು ಹೊಟ್ಟೆ ಕೊಯ್ಯಬೇಕಾಗುವುದು, ರಕ್ತಸ್ರಾವದಿಂದ ಸಾಯುವುದು ಈ ಮೂರೂ ಸೇರಿ ಎಂದಿನ ಆರೈಕೆಯಲ್ಲಿ ಶೇ 4.3 ಇದ್ದದ್ದು ಗೆರೆ ಇದ್ದ ಕಡೆ ಶೇ 1.6ಕ್ಕೆ ಇಳಿಯಿತು. ಅಂದರೆ ಶೇ 60ರಷ್ಟು ಇಳಿಕೆ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಖ್ಯೆ. ಗೆರೆ ಇಲ್ಲದ ಆಸ್ಪತ್ರೆಗಳಲ್ಲಿ ನಿಜಕ್ಕೂ ಅತಿಯಾಗಿ ರಕ್ತ ಹೋದವರ ಪೈಕಿ ಅರ್ಧದಷ್ಟು ಮಂದಿಯನ್ನು ಮಾತ್ರ ಸಿಬ್ಬಂದಿ ಗುರುತಿಸಿದ್ದರು. ಗೆರೆ ಇದ್ದ ಕಡೆ ಶೇ 93. ಉಳಿದ ಅರ್ಧ ತಾಯಂದಿರು ರಿಜಿಸ್ಟರ್‌ನಲ್ಲಿ ಏನಾಗಿ ಉಳಿದಿರಬಹುದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಯಲ್ಲೇ ಈ ಕ್ರಮವನ್ನು ಶಿಫಾರಸು ಮಾಡಿತು. 2025ರ ಅಕ್ಟೋಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 500 ಮಿ.ಲೀ. ತುಂಬುವವರೆಗೆ ಕಾಯಬೇಡಿ, 300ಕ್ಕೆ ತಲುಪಿ ನಾಡಿಯೋ ರಕ್ತದೊತ್ತಡವೋ ಏರುಪೇರಾಗಿದ್ದರೆ ಆಗಲೇ ಚಿಕಿತ್ಸೆ ಆರಂಭಿಸಿ ಎಂದಿತು. ರಕ್ತಹೀನತೆಯ ತಾಯಂದಿರೇ ತುಂಬಿರುವ ನಮ್ಮ ನಾಡಿಗೆ ಈ ಮಾತು ಹೇಳಿ ಬರೆಸಿದಂತಿದೆ. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗಟ್ಟಿಮುಟ್ಟಾದವಳು 700 ಮಿ.ಲೀ. ರಕ್ತ ಹೋದರೂ ತಡೆದುಕೊಂಡಾಳು. ಹಿಮೊಗ್ಲೋಬಿನ್ ಏಳು-ಎಂಟು ಇರುವವಳಿಗೆ ಅಷ್ಟು ಹೋಗಲು ಬಿಡುವಂತಿಲ್ಲ. ಇಂಥವಳ ಎದುರು ನಿಂತು 200 ಎಂದು ಬರೆಯುವುದು ಲೆಕ್ಕದ ಸಣ್ಣ ತಪ್ಪಾಗಿ ಉಳಿಯುವುದಿಲ್ಲ.

ಮಾನ್ಯರೇ, 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನಾಡೇ ಬೆಚ್ಚಿತು. ಚರ್ಚೆಯೆಲ್ಲ ಗ್ಲೂಕೋಸ್ ಬಾಟಲಿಯಂತೆ ಏರಿಸುವ ಆ ದ್ರವದ ಗುಣಮಟ್ಟದ ಮೇಲೆ ನಡೆಯಿತು, ನಡೆಯಬೇಕಾದದ್ದೇ. ಗೆರೆಯ ಹಾಳೆ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಅದರ ನಂತರ ಸರ್ಕಾರವೇ ತಾಯಂದಿರ ಮರಣದ ಲೆಕ್ಕಪರಿಶೋಧನೆ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ಸಾವುಗಳು. ಅವುಗಳಲ್ಲಿ ಶೇ 70ಕ್ಕಿಂತ ಹೆಚ್ಚು ತಡೆಯಬಹುದಾಗಿದ್ದವು ಎಂದು ಸರ್ಕಾರವೇ ಜನರ ಮುಂದೆ ಹೇಳಿತು. ಹಾಗೆ ಒಪ್ಪಿಕೊಳ್ಳಲು ಧೈರ್ಯ ಬೇಕು, ಅದಕ್ಕಾಗಿ ಇಲಾಖೆಯನ್ನು ಅಭಿನಂದಿಸುತ್ತೇನೆ. ಒಪ್ಪಿಕೊಂಡ ಮೇಲೆ ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ ನಾವು ಉತ್ತರ ಕೊಡಬೇಕಾಗುತ್ತದೆ.

2018-20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘಟನೆ 2004ರಿಂದಲೂ ಪ್ರತಿ ಸಾವನ್ನು ಗೋಪ್ಯವಾಗಿ ಪರಿಶೀಲಿಸುತ್ತ ಬಂದಿದೆ. ಸತ್ತವಳ ಹೆಸರಿಲ್ಲ, ನೋಡಿಕೊಂಡವರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಏನಾಯಿತು, ಎಲ್ಲಿ ತಡವಾಯಿತು ಎಂಬುದಷ್ಟೇ. ಶಿಕ್ಷೆಯ ಭಯ ಇಲ್ಲದ ಕಡೆ ಜನ ನಿಜ ಬರೆಯುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಮರಣ ಪರಿಶೀಲನಾ ಸಭೆ ಎಂದರೆ ವಿಚಾರಣೆ. ಎಎನ್‌ಎಂ ತಲೆ ತಗ್ಗಿಸಿ ನಿಂತಿರುತ್ತಾಳೆ, ಆಶಾ ಕಾರ್ಯಕರ್ತೆ ಮೂಲೆಯಲ್ಲಿ ಅಳುತ್ತಿರುತ್ತಾಳೆ, ತಾಯಿ ಕಾರ್ಡಿನ ಖಾಲಿ ಜಾಗಗಳು ಹಿಂದಿನ ರಾತ್ರಿಯೇ ತುಂಬಿರುತ್ತವೆ.

ಆ ಕಾಲಂನಲ್ಲಿ 200 ಏಕೆ ಬೀಳುತ್ತದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಹಾಳೆ ಇಲ್ಲದಿರುವುದು ಒಂದು ಕಾರಣ, ಅಷ್ಟೇ ಅಲ್ಲ. 600 ಎಂದು ಬರೆದರೆ ಮರುದಿನ ವಿವರಣೆ ಕೊಡಬೇಕು. ವೈದ್ಯರನ್ನು ಏಕೆ ಕರೆಯಲಿಲ್ಲ, ಕರೆದಿದ್ದರೆ ಕರೆ ಮಾಡಿದ ಹೊತ್ತು ಎಲ್ಲಿ ಬರೆದಿದೆ, ಏಕೆ ರೆಫರ್ ಮಾಡಲಿಲ್ಲ, ಮಾಡಿದ್ದರೆ ಏಕೆ ತಡ ಮಾಡಿದಿರಿ. 200 ಎಂದು ಬರೆದವಳನ್ನು ಯಾರೂ ಏನೂ ಕೇಳುವುದಿಲ್ಲ. ರಾತ್ರಿ ಒಬ್ಬಳೇ ಇದ್ದು ಹೆರಿಗೆ ಕೊಠಡಿಯನ್ನೂ ಬಾಣಂತಿಯರ ವಾರ್ಡನ್ನೂ ನೋಡಿಕೊಂಡು, ಬೆಳಗಾಗುವುದರೊಳಗೆ ತಾಯಿ-ಮಕ್ಕಳ ದಾಖಲೆಯ ಆರ್‌ಸಿಎಚ್ ಪೋರ್ಟಲ್‌ಗೂ ಮಾಹಿತಿ ತುಂಬಬೇಕಾದವಳು ಯಾವ ಸಂಖ್ಯೆ ಬರೆಯುತ್ತಾಳೆ ಎಂದು ತಾವೇ ಯೋಚಿಸಿ.

ಅದಕ್ಕೇ ಈ ಎಚ್ಚರಿಕೆಯನ್ನೂ ಮುಂಚಿತವಾಗಿ ಕೊಡುತ್ತಿದ್ದೇನೆ. ಹಾಳೆ ಬಂದ ಮೊದಲ ವರ್ಷ ರಾಜ್ಯದ ಕಡತಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವದ ಪ್ರಕರಣಗಳು ದಿಢೀರನೆ ಏರುತ್ತವೆ. ಇಲ್ಲಿಯವರೆಗೆ ಕಾಣದಿದ್ದವು ಕಾಣತೊಡಗುತ್ತವೆ. ಆಗ ಯಾವುದೋ ಜಿಲ್ಲೆಯ ಅಧಿಕಾರಿ ಗಾಬರಿಯಾಗಿ ಕಾರಣ ಕೇಳಿ ನೋಟಿಸ್ ಹೊರಡಿಸಿದರೆ ಮುಗಿಯಿತು. ಮರುತಿಂಗಳೇ ಗೆರೆಯ ಹಾಳೆ ಹಾಸಿದ್ದರೂ ರಿಜಿಸ್ಟರ್‌ನಲ್ಲಿ 200 ಇರುತ್ತದೆ. ಅಳೆದು ಬರೆದ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಅದೊಂದೇ ಕಾರಣಕ್ಕೆ ಯಾರ ಮೇಲೂ ಕ್ರಮ ಇಲ್ಲ ಎಂದು ತಮ್ಮ ಕಚೇರಿಯಿಂದಲೇ ಲಿಖಿತ ಸುತ್ತೋಲೆ ಹೋಗಬೇಕು. ಹಾಳೆಗಿಂತ ಮೊದಲು ಸುತ್ತೋಲೆ ತಲುಪಬೇಕು.

ನಮ್ಮ ಸಮಿತಿಯ ಸಭೆಯಲ್ಲಿ ನಾನು ಹಾಳೆಯ ಮಾತೆತ್ತಿದಾಗ, “ಅದು ಇಂಡೆಂಟ್‌ನಲ್ಲಿ ಬರುವುದಿಲ್ಲ ಮೇಡಂ” ಎಂದರು. ಅದೇ ಸಭೆಯಲ್ಲಿ ಕಾಂಪೌಂಡ್ ಗೋಡೆಗೆ ಬಣ್ಣ ಬಳಿಯಲು ಹಣ ಮಂಜೂರಾಯಿತು. ಗೋಡೆಯ ಮೇಲೆ ಈಗ ಗರ್ಭಿಣಿಯ ಚಿತ್ರವಿದೆ, ಚೆನ್ನಾಗಿಯೇ ಬಂದಿದೆ. ಗೆರೆಯ ಹಾಳೆ ರಾಜ್ಯದ ಖರೀದಿ ಪಟ್ಟಿಯಲ್ಲಿ ಈಗಾಗಲೇ ಇದ್ದರೆ ಅದು ತಾಲ್ಲೂಕಿನ ಹೆರಿಗೆ ಮೇಜಿನವರೆಗೆ ಏಕೆ ಬಂದಿಲ್ಲ ಎಂದು ಪರಿಶೀಲಿಸಿ. ಇಲ್ಲದಿದ್ದರೆ ಮುಂದಿನ ಟೆಂಡರಿನಲ್ಲೇ ಸೇರಿಸಿ, ಅಲ್ಲಿಯವರೆಗೆ ಆರೋಗ್ಯ ರಕ್ಷಾ ಸಮಿತಿಗಳು ತಮ್ಮ ನಿಧಿಯಿಂದಲೇ ಕೊಳ್ಳಲು ಅನುಮತಿ ಕೊಡಿ. ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಇದು ಅನ್ವಯವಾಗಬೇಕು. ಸಿಸೇರಿಯನ್‌ಗೆ ಈ ಹಾಳೆ ಹೊಂದುವುದಿಲ್ಲ, ಅಲ್ಲಿ ರಕ್ತ ಹೀರಿ ತುಂಬುವ ಸಕ್ಷನ್ ಬಾಟಲಿಯ ಅಳತೆ ಮತ್ತು ಒರೆಸಿದ ಬಟ್ಟೆಗಳ ತೂಕ ಬರೆಯುವ ಪದ್ಧತಿ ಬೇಕು. ರಿಜಿಸ್ಟರ್‌ನಲ್ಲಿ ರಕ್ತದ ಕಾಲಂ ಪಕ್ಕದಲ್ಲೇ ಅಳೆದದ್ದೋ ಅಂದಾಜೋ ಎಂದು ಗುರುತು ಹಾಕುವ ಒಂದು ಚಿಕ್ಕ ಕಾಲಂ ಇರಲಿ.

ಔಷಧಗಳ ಬಗ್ಗೆ ಒಂದೇ ಮಾತು. ಟ್ರಾನೆಕ್ಸಾಮಿಕ್ ಆಮ್ಲ ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಜೀವ ಉಳಿಸುತ್ತದೆ ಎಂದು 21 ದೇಶಗಳ 20,000 ತಾಯಂದಿರ ಅಧ್ಯಯನ 2017ರಲ್ಲೇ ತೋರಿಸಿದೆ. ಆದ್ದರಿಂದ ಅದು ಫಾರ್ಮಸಿಯ ಬೀಗದೊಳಗೆ ಇರಬಾರದು, ಹೆರಿಗೆ ಕೊಠಡಿಯ ಟ್ರೇಯಲ್ಲೇ ಇರಬೇಕು. ರಾತ್ರಿ ಎರಡು ಗಂಟೆಗೆ ಬೀಗದ ಕೈ ಯಾರ ಮನೆಯಲ್ಲಿ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ತಾಯಿಯ ಮಾತು ಮುಗಿಸುವ ಮುನ್ನ ಮಗುವಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿಯೂ ಇದೇ ಕಥೆ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ, ಮಗು ಚೇತರಿಸಿಕೊಳ್ಳಲೆಂದು ಕಾಯದೆ ಆರಂಭಿಸಿದರೆ ಸಾವು ಶೇ 25ರಷ್ಟು ಇಳಿಯುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಫ್ರಿಕಾದ ನಾಲ್ಕು ದೇಶಗಳ ಜೊತೆ ಭಾರತವೂ ಅದರಲ್ಲಿತ್ತು. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ವ್ಯವಸ್ಥೆಯೊಳಗೇ ಈ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸಬಹುದು ಎಂದು ಸಂಶೋಧಕರು ಮಾಡಿ ತೋರಿಸಿದ್ದಾರೆ. ನಾನು ನೋಡುವ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಮೇಲಿನ ಅಂತಸ್ತಿನಲ್ಲಿ, ನವಜಾತ ಶಿಶುಗಳ ಘಟಕ ಕೆಳಗೆ. ತಾಯಿ ಮೇಲೆ ಹಾಲು ಹಿಂಡಿ ಕೊಡುತ್ತಾಳೆ. ಅಜ್ಜಿ ಅದನ್ನು ಸ್ಟೀಲಿನ ಡಬ್ಬಿಯಲ್ಲಿ ಸೆರಗಿನಡಿ ಮುಚ್ಚಿಕೊಂಡು ಮೆಟ್ಟಿಲು ಇಳಿಯುತ್ತಾಳೆ. ಬಾಗಿಲಲ್ಲಿ ನರ್ಸ್ ತೆಗೆದುಕೊಂಡು ಒಳಲೆಯಲ್ಲಿ ಕುಡಿಸುತ್ತಾಳೆ. ತಾಯಿ ಮಗುವನ್ನು ಮುಟ್ಟುವುದು ಸಂದರ್ಶನದ ಹೊತ್ತಿನಲ್ಲಿ. ಹೊಸ ಕಟ್ಟಡಗಳ ನಕ್ಷೆ ಮಂಜೂರು ಮಾಡುವಾಗಲಾದರೂ ತಾಯಿಯ ಹಾಸಿಗೆ ಮಗುವಿನ ಘಟಕದ ಒಳಗೇ ಇರುವಂತೆ ನೋಡಿಕೊಳ್ಳಿ. ಈಗಿರುವ ಕಟ್ಟಡಗಳಲ್ಲಿ ನಾಲ್ಕು ಒರಗು ಕುರ್ಚಿ ಹಾಕಿ ಬಾಗಿಲು ತೆರೆದರೂ ಬಹಳವಾಯಿತು.

ಕೊನೆಯ ಬೇಡಿಕೆ ಸಂಶೋಧನೆಯ ಬಗ್ಗೆಯೇ. ಬೆಳಗಾವಿಯ ತಾಯಂದಿರು ಒಂದು ಅಧ್ಯಯನಕ್ಕೆ ಒದಗಿ ಸುಮ್ಮನಾದವರಲ್ಲ. ಚೊಚ್ಚಲ ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟು ಅವಧಿಗೆ ಮುನ್ನ ಆಗುವ ಹೆರಿಗೆಯನ್ನು ಶೇ 11ರಷ್ಟು ತಗ್ಗಿಸಿದ 2020ರ ಅಧ್ಯಯನದಲ್ಲಿ ಅವರಿದ್ದರು. ಹೆರಿಗೆ ನೋವಿನ ಹೊತ್ತಿನಲ್ಲಿ ಒಂದೇ ಬಾರಿ ಅಜಿಥ್ರೋಮೈಸಿನ್ ಎಂಬ ಪ್ರತಿಜೀವಕ ಕೊಟ್ಟರೆ ತಾಯಿಗೆ ನಂಜು ಅಥವಾ ಸಾವು ಸಂಭವಿಸುವುದು ಒಟ್ಟಾರೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು ತೋರಿಸಿದ 2023ರ ಅಧ್ಯಯನದಲ್ಲೂ ಇದ್ದರು. ಮಕ್ಕಳಿಗೆ ಅದರಿಂದ ಅಂಥ ಪ್ರಯೋಜನ ಆಗಲಿಲ್ಲ ಎಂಬುದೂ ಅಲ್ಲಿಯೇ ತಿಳಿಯಿತು, ಅದೂ ತಿಳಿಯಬೇಕಾದದ್ದೇ. ಸಂಶೋಧಕರು ತಮ್ಮ ಕೆಲಸ ಮಾಡಿದ್ದಾರೆ, ಪ್ರಕಟಿಸಿದ್ದಾರೆ. ಸಂಶೋಧನೆಯಲ್ಲಿ ಪಾಲ್ಗೊಂಡ ಸಮುದಾಯಕ್ಕೆ ಅದರ ಫಲ ಸಿಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಅದನ್ನು ಹಳ್ಳಿಯ ಬಾಗಿಲಿಗೆ ತಲುಪಿಸುವುದು ಇಲಾಖೆಯ ಕೆಲಸ. ನನ್ನ ಪರಿಚಯದ ಒಬ್ಬಾಕೆ ಇಪ್ಪತ್ತು ವರ್ಷಗಳ ಹಿಂದೆ ಆ ಮಾತ್ರೆಯ ಅಧ್ಯಯನದಲ್ಲಿ ಇದ್ದವಳು. ಆ ಅಧ್ಯಯನದ ಬಗ್ಗೆ ಮೊನ್ನೆ ಅವಳನ್ನು ಕೇಳಿದೆ. “ಅಕ್ಕಾವರೇ, ಆ ಮಾತ್ರೆ ಕೆಲಸ ಮಾಡಿತಂತೇನು?” ಎಂದು ಅವಳೇ ನನ್ನನ್ನು ತಿರುಗಿ ಕೇಳಿದಳು.

ಕರ್ನಾಟಕದ ತಾಯಂದಿರ ಮತ್ತು ನವಜಾತ ಶಿಶುಗಳ ಮೇಲೆ ನಡೆದ ಪ್ರತಿ ದೊಡ್ಡ ಅಧ್ಯಯನದ ಫಲಿತಾಂಶವನ್ನು ಒಂದು ಪುಟದ ಕನ್ನಡದಲ್ಲಿ ಬರೆಸಿ, ಅದು ನಡೆದ ಗ್ರಾಮ ಪಂಚಾಯಿತಿಗಳಿಗೂ ಅಂಗನವಾಡಿಗಳಿಗೂ ಕಳಿಸಿ. ಪ್ರಕಟವಾದ ಆರು ತಿಂಗಳೊಳಗೆ ಅದನ್ನು ರಾಜ್ಯದಲ್ಲಿ ಜಾರಿಗೆ ತರುತ್ತೇವೆಯೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಇಲಾಖೆ ಬರಹದಲ್ಲಿ ತಿಳಿಸಲಿ. ಎಲ್ಲವನ್ನೂ ಜಾರಿಗೊಳಿಸಿ ಎಂದು ನಾನು ಕೇಳುತ್ತಿಲ್ಲ. ತಜ್ಞರು ಕೂತು ಇದು ನಮಗೆ ಹೊಂದುವುದಿಲ್ಲ ಎಂದು ತೀರ್ಮಾನಿಸಿದರೆ ಅದೂ ಉತ್ತರವೇ. ಮರಣ ಪರಿಶೀಲನೆಯ ವರದಿಗಳನ್ನೂ ಹೆಸರು ತೆಗೆದು ಜಿಲ್ಲಾವಾರು ಪ್ರತಿ ವರ್ಷ ಪ್ರಕಟಿಸಿ. 2024ರ ಸಾವುಗಳ ವಿಷಯದಲ್ಲಿ ಒಮ್ಮೆ ಮಾಡಿ ತೋರಿಸಿದ್ದೀರಿ, ಮತ್ತೆ ಮಾಡಲು ಇನ್ನೊಂದು ಬಳ್ಳಾರಿ ಬೇಕಾಗಬಾರದು.

ಈ ಪತ್ರದ ಪ್ರತಿಗಳನ್ನು ಆರೋಗ್ಯ ಇಲಾಖೆಯ ಆಯುಕ್ತರಿಗೂ ನಮ್ಮ ಭಾಗದ ಶಾಸಕರಿಗೂ ಕಳಿಸುತ್ತಿದ್ದೇನೆ. ಗೆರೆಯ ಹಾಳೆ ಮತ್ತು ಸುತ್ತೋಲೆ, ಈ ಎರಡರ ಬಗ್ಗೆಯಾದರೂ ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲು ತಮ್ಮ ಕಚೇರಿಯಿಂದ ಲಿಖಿತ ಉತ್ತರ ಬರಲಿ ಎಂದು ಕೋರುತ್ತೇನೆ. ಯಾವುದಾದರೂ ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸುವುದಾದರೆ ನರ್ಸ್‌ಗಳಿಗೆ ಹಾಳೆ ಹಾಸುವುದನ್ನು ಕಲಿಸಲು ನಾನು ಸಂಬಳವಿಲ್ಲದೆ ಬರಲು ಸಿದ್ಧಳಿದ್ದೇನೆ. ಬಸ್ ಚಾರ್ಜ್ ಕೂಡ ಬೇಕಾಗಿಲ್ಲ, ಮಹಿಳೆಯರಿಗೆ ಸರ್ಕಾರವೇ ಉಚಿತ ಮಾಡಿದೆ.

ಇಂತಿ ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಬೆಳಗಾವಿ ಜಿಲ್ಲೆ